ಬಾಣಲೆಯಲ್ಲಿ ನೆನೆದ ಮೆಹಂದಿ

ನನ್ನ ಪಾರ್ಲರ್ ಇರುವುದು ವಿಜಯನಗರದಲ್ಲಿ. ಬಣ್ಣ ಹಾಕುವ ಮೊದಲು, ತಲೆಗೆ ಈ ಮುಂಚೆ ಏನಾದರೂ ಹಚ್ಚಿದ್ದೀರಾ ಎಂದು ಎಲ್ಲರನ್ನೂ ಕೇಳುತ್ತೇನೆ. ಇಲ್ಲ ಎನ್ನುವವರಲ್ಲಿ ಅರ್ಧ ಜನ ಮೆಹಂದಿ ಹಚ್ಚಿದವರೇ. ನಮ್ಮ ಹೆಂಗಸರ ಲೆಕ್ಕದಲ್ಲಿ ಮೆಹಂದಿ ಬಣ್ಣವೇ ಅಲ್ಲ, ಎಣ್ಣೆ ಸೀಗೆಕಾಯಿಯ ಜೊತೆಗಿನದು. ಮೊದಲೆಲ್ಲ ಸಿಟ್ಟು ಬರುತ್ತಿತ್ತು, ಈಗ ನಗು ಬರುತ್ತದೆ.

ಬಾಪೂಜಿ ನಗರದಿಂದ ಬಂದ ಒಬ್ಬಾಕೆಯೂ ಹಾಗೆಯೇ ಇಲ್ಲ ಎಂದರು. ಮರುದಿನ ಮಗಳ ನಿಶ್ಚಿತಾರ್ಥ. ಬೀಗರ ಮುಂದೆ ಲಕ್ಷಣವಾಗಿ ಕಾಣಬೇಕು, ತಿಳಿ ಕಂದು ಬಣ್ಣ ಬೇಕು ಎಂದರು. ಹಚ್ಚಿ, ತೊಳೆದು, ಒರೆಸಿ ನೋಡಿದರೆ ಬುಡವೆಲ್ಲ ಕಿತ್ತಳೆ ಸಿಪ್ಪೆ! ಕೆಳಗಿನ ಕೂದಲು ಕಪ್ಪುಗೆಂಪಾಗಿ ಇದ್ದ ಹಾಗೇ ಇತ್ತು. ಕನ್ನಡಿ ನೋಡಿ ಆಕೆಯ ಕಣ್ಣು ತುಂಬಿತು.

ಮತ್ತೆ ಕೇಳಿದೆ. ಅತ್ತೆ ತಿಂಗಳು ತಿಂಗಳೂ ಮೆಹಂದಿ ಹಚ್ಚುತ್ತಿದ್ದರಂತೆ, ಸಂಬಂಧದ ಓಡಾಟದಲ್ಲಿ ಈಚೆಗೆ ತಪ್ಪಿತ್ತಂತೆ. ಮೆಹಂದಿ ಕಾಣದ ಬುಡದ ಬಿಳಿಕೂದಲು ಹೊಸ ಬಣ್ಣ ಕುಡಿದಿತ್ತು. ಅಲ್ಲಿಗೆ ಗಾಢ ಕಂದು ಹಾಕಿದರೆ ಎರಡೂ ಹೊಂದುತ್ತವೆ. ಆದರೆ ಮೆಹಂದಿಗೆ ಅಂಗಡಿಯ ಕಪ್ಪು ಪುಡಿ ಬೆರೆಸಿದ್ದರೆ, ಮತ್ತೊಮ್ಮೆ ಬಣ್ಣ ತಾಗಿದಾಗ ಕೂದಲೇ ಹಾಳು. ಅತ್ತೆಗೆ ಫೋನ್ ಮಾಡಿ ಕೇಳಿ ಎಂದೆ. ಅತ್ತೆ ಬೇಜಾರು ಮಾಡಿಕೊಂಡಾರೆಂದು ಆಕೆ ಟೈಲರ್ ಹತ್ತಿರ ಹೋಗುತ್ತೇನೆ ಎಂದು ಹೇಳಿ ಬಂದಿದ್ದರು. ಬೇರೆ ದಾರಿಯಿಲ್ಲದೆ ನಿಜ ಹೇಳಿ, ಫೋನನ್ನು ಸ್ಪೀಕರಿಗೆ ಹಾಕಿದರು.

ಅತ್ತೆ ಬೈಯಲಿಲ್ಲ. ಮೆಹಂದಿ ಸೊಪ್ಪಿನ ಪುಡಿ, ಟೀ ಡಿಕಾಕ್ಷನ್, ನೆನೆಸುವುದಕ್ಕೆ ಕಬ್ಬಿಣದ ಬಾಣಲೆ, ಬೇರೇನೂ ಇಲ್ಲ ಎಂದರು. ಆಮೇಲೆ ಮೆಲ್ಲಗೆ ಹೇಳಿದರು.

"ನಾಳೆಗೆ ಅಂತ ಬೆಳಿಗ್ಗೆನೇ ನಿಂಗೆ ನೆನೆಸಿಟ್ಟಿದ್ದೆ ಕಣೇ. ಇರ್ಲಿ ಬಿಡು, ನಾನೇ ಹಚ್ಕೋತೀನಿ."

ಸೊಸೆ ಫೋನ್ ಇಟ್ಟರು. ನನಗೂ ಪಾಪ ಎನಿಸಿತು.

ಅತ್ತೆಯ ಮಾತು ನಂಬಿದೆ, ಆದರೂ ಮೊದಲು ಕಿವಿಯ ಹಿಂದಿನ ಒಂದು ಎಳೆಗೆ ಗಾಢ ಕಂದು ಹಚ್ಚಿ ನೋಡಿದೆ. ಚೆನ್ನಾಗಿ ಬಂತು. ಆಮೇಲೆ ಬುಡಕ್ಕೆಲ್ಲ ಹಚ್ಚಿದೆ. ತೊಳೆದಾಗ ತಲೆಯೆಲ್ಲ ಒಂದೇ ಗಾಢ ಕಂದು, ಬಿಸಿಲಿಗೆ ಹಿಡಿದರೆ ಮಾತ್ರ ತುದಿಯಲ್ಲಿ ಅತ್ತೆಯ ಕೆಂಪು. ಕೇಳಿದ ಬಣ್ಣ ಅದಲ್ಲ, ಆದರೆ ಆ ಮುಖಕ್ಕೆ ಅದೇ ಒಪ್ಪುತ್ತಿತ್ತು. ಹೋದ ಜೀವ ಬಂದಂತಾಯಿತು ನನಗೆ.

ಆಕೆ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಒಂದು ಜೊತೆ ಗ್ಲೌಸ್ ಕೊಡುತ್ತೀರಾ ಎಂದು ಕೇಳಿದರು. ಯಾಕೆ ಎಂದೆ.

"ಅತ್ತೆಗೆ ತಲೆ ಹಿಂದಕ್ಕೆ ಕೈ ಎಟಕಲ್ಲ. ಇಷ್ಟು ವರ್ಷ ಅವ್ರು ನಂಗೆ ಹಚ್ಚಿದ್ರು. ಇವತ್ತು ನಾನು ಹಚ್ತೀನಿ."