ಅಮೆರಿಕದಿಂದ ಓಡಿಬಂದ ನಮ್ಮ ರಾಯರು

ಇನ್ನೂ ನಂಬಲಾಗುತ್ತಿಲ್ಲ...
ಭಾನುವಾರ ಆಸ್ಪತ್ರೆಯ ಕಾಫಿಯನ್ನು ಬಾಯ್ತುಂಬ ಬಯ್ಯುತ್ತಿದ್ದ ಮನುಷ್ಯ.
ಇಂದು ಬೆಳಿಗ್ಗೆ ಇಲ್ಲ.

ರಾಯ್.
ಸ್ವೀಡನ್ನಿನ ಈ ಸೊಲ್ಲೆಂಟುನಾದಲ್ಲಿ ನಮ್ಮ ಕೆಳಗಿನ ಮನೆಯ ಅಮೆರಿಕನ್. ರಿಟೈರ್ಡ್ ಬಸ್ ಡ್ರೈವರ್.
ನಮ್ಮ ಕನ್ನಡ ಬಳಗಕ್ಕೆಲ್ಲ "ರಾಯರು".

ಹೊಸಬರಿಗಾಗಿ ಹೇಳುತ್ತೇನೆ...
ವಿಯೆಟ್ನಾಂ ಯುದ್ಧದ ಕಾಲ. ಓಹಾಯೋದ ಹುಡುಗ, ಜರ್ಮನಿಯ ಅಮೆರಿಕನ್ ಕ್ಯಾಂಪಿನಲ್ಲಿ ಸೈನಿಕ.
ವಿಯೆಟ್ನಾಂಗೆ ಹೊರಡು ಎಂದು ಆರ್ಡರ್ ಬಂತು.
ಅವರು ಸ್ವೀಡನ್ ಕಡೆಯ ರೈಲು ಹತ್ತಿದರು.
ಈ ದೇಶ ಇರಲು ಬಿಟ್ಟಿತು.

ಒಂದು ಯುಗಾದಿ ಊಟದಲ್ಲಿ ನಾನು, "ಇವರು ಅಮೆರಿಕದಿಂದ ಓಡಿಬಂದವರು" ಎಂದು ಪರಿಚಯ ಮಾಡಿಸಿದೆ.
ಮಗಳ ಬಾಣಂತನಕ್ಕೆ ಬಂದಿದ್ದ ಸರೋಜಮ್ಮನವರು ಕೈಯಲ್ಲಿದ್ದ ಹೋಳಿಗೆ ಕೆಳಗಿಟ್ಟರು.
"ಹೌದೇನ್ರೀ? ಹುಡುಗಿ ಕಡೆಯೋರು ಆಮೇಲಾದ್ರೂ ಒಪ್ಕೊಂಡ್ರಾ?"
ಇಂಗ್ಲಿಷಿನಲ್ಲಿ ವಿವರಿಸಿದೆ. ರಾಯರು ಕಣ್ಣೊರೆಸಿಕೊಂಡು ನಕ್ಕರು.
"ಹುಡುಗಿ ಇರಲಿಲ್ಲ ಅಂತ ಹೇಳಿ ಅವರಿಗೆ. ನನ್ನ ಕಡೆಯೋರೇ ಇನ್ನೂ ಒಪ್ಪಿಲ್ಲ."

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಎಂದರೆ...
ಬೆಳಿಗ್ಗೆ ಸುದ್ದಿ ಹಾಕಿದ ಕೂಡಲೇ ನಮ್ಮವರೇ ಒಬ್ಬರ ಕಾಮೆಂಟ್.
"ಆರ್ಮಿ ಬಿಟ್ಟು ಓಡೋದೋನಿಗೆ ಶ್ರದ್ಧಾಂಜಲಿ ಯಾಕೆ ಸಾರ್?"

ಸ್ವಾಮಿ, ಆ ಯುದ್ಧ ನಡೆಸಿದವರೇ ಅದು ತಪ್ಪು ಎಂದು ಆಮೇಲೆ ಪುಸ್ತಕ ಬರೆದರು. ಚೆನ್ನಾಗಿ ಮಾರಾಟವೂ ಆಯಿತು.
ಸೇನೆಗೆ ಸೇರದೆ ತಪ್ಪಿಸಿಕೊಂಡವರಿಗೆ ಅಲ್ಲಿನ ಅಧ್ಯಕ್ಷರು ಕ್ಷಮೆ ಕೊಟ್ಟರು.
ಸೇರಿದ ಮೇಲೆ ಒಲ್ಲೆ ಎಂದವರಿಗೆ ಕೊಡಲಿಲ್ಲ.
ಹೋದರೆ ಅರೆಸ್ಟ್. ತಾಯಿ ತೀರಿಕೊಂಡ ದಿನವೂ ರಾಯರು ಇಲ್ಲೇ ಡ್ಯೂಟಿಯಲ್ಲಿದ್ದರು.
ಈಗ ಇರಾಕ್... ಮತ್ತೆ ಅದೇ ಭಾಷಣ, ಮತ್ತೆ ಹತ್ತೊಂಬತ್ತು ಇಪ್ಪತ್ತರ ಹುಡುಗರು.
ಕಾಮೆಂಟ್ ಬರೆಯುವುದು ಸುಲಭ.

ರಾಯರೇ...
ಭಾನುವಾರ ನೀವು ಕೇಳಿದ್ದು ಒಂದೇ.
"ಬೂದಿಗೆ ವಾರಂಟ್ ಇರಲ್ಲ ಅಲ್ವಾ? ಅಮ್ಮನ ಪಕ್ಕ ಹೂಳ್ತಾರಾ, ಕೇಳಿ ನೋಡಿ."
ಒಪ್ಪಬೇಕಾದವರು ನಿಮ್ಮ ಅಣ್ಣ. ವಿಯೆಟ್ನಾಂಗೆ ಹೋಗಿ, ಒಂದು ಕಾಲು ಕಳೆದುಕೊಂಡು ಬಂದವರು.
ನಿಮ್ಮ ಫೋನನ್ನು ಒಮ್ಮೆಯೂ ಎತ್ತದವರು.

ಮಧ್ಯಾಹ್ನ ನಾನು ಫೋನ್ ಮಾಡಿದೆ. ಎತ್ತಿದರು... ನನ್ನ ನಂಬರ್ ಅವರಿಗೆ ಗೊತ್ತಿರಲಿಲ್ಲವಲ್ಲ.
ಹೇಳಿದೆ. ನೀವು ಕೇಳಿದ್ದನ್ನೂ ಹೇಳಿದೆ.
"ತುಂಬಾ ನೋವಿತ್ತಾ ಅವನಿಗೆ?"
ಇರಲಿಲ್ಲ ಎಂದೆ.
"ನಾನು ಏರ್‌ಪೋರ್ಟಿಗೆಲ್ಲ ಬರಲ್ಲ."
ಬೇಡ ಎಂದೆ.
"ಅಮ್ಮನ ಪಕ್ಕದ ಜಾಗ ನನಗೆ ಅಂದ್ಕೊಂಡಿದ್ದೆ. ಅದು ಅವನಿಗೆ ಅಂತ ಹೇಳೇ ಸತ್ತಳು."
ಫೋನ್ ಇಟ್ಟುಬಿಟ್ಟರೇನೋ ಎಂದುಕೊಂಡೆ.
"ತಗೊಂಡ್ಬನ್ನಿ," ಎಂದರು.

ಶುಕ್ರವಾರ ಇಲ್ಲಿನ ಚಾಪೆಲ್‌ನಲ್ಲಿ ವಿದಾಯ. ಬರುವವರು ಬನ್ನಿ.
ಹಿಮ ಕರಗಿದ ಮೇಲೆ ಓಹಾಯೋಗೆ ನಾನೇ ಕರೆದುಕೊಂಡು ಹೋಗುತ್ತೇನೆ.

ಹೋಗಿ ಬನ್ನಿ ರಾಯರೇ...
ತಾಯಿಯ ಮಗ್ಗುಲಲ್ಲಿ ನಿಮ್ಮ ಜೀವ ತಣ್ಣಗಿರಲಿ.