ಉಪ್ಪು ಬಡಿಸಿದವಳು

ನನ್ನ ತಂಗಿ ಇಪ್ಪತ್ತೆರಡು ವರ್ಷದವಳಾಗುವವರೆಗೂ ಊರಿನ ಯಾವ ಊಟದಲ್ಲೂ ಪಂಕ್ತಿಯಲ್ಲಿ ಕೂತು ಉಂಡಿರಲಿಲ್ಲ. ಹುಟ್ಟಿನಿಂದಲೇ ಅವಳ ಬುದ್ಧಿಯ ಬೆಳವಣಿಗೆ ನಿಧಾನ. ಮಾತು ತಡವಾಗಿ ಬಂತು, ಶಾಲೆ ಎರಡನೇ ಕ್ಲಾಸಿಗೇ ನಿಂತಿತು. ಮದುವೆಯಿರಲಿ, ಭಜನಾ ಮಂದಿರದ ಮಂಗಳೋತ್ಸವವಿರಲಿ, ಜನ ಸೇರುವ ಮೊದಲೇ ಯಾರಾದರೂ ಅವಳನ್ನು ಅಡುಗೆ ಚಪ್ಪರದ ಹಿಂದೆ ಕೂರಿಸಿ ಹೊಟ್ಟೆ ತುಂಬ ಉಣ್ಣಿಸಿಬಿಡುತ್ತಿದ್ದರು. ಪ್ರೀತಿಯಿಂದಲೇ. ಆ ಪ್ರೀತಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮದು ಕುಂದಾಪುರದ ಕಡಲತಡಿಯ ಮೀನುಗಾರರ ಕೇರಿ. ಅಮ್ಮ ಮೀನಿನ ಬುಟ್ಟಿಯೊಂದಿಗೆ ಬೆಳಗಿನ ಬಸ್ಸು ಹತ್ತುತ್ತಿದ್ದಳು, ನಾನು ಪೇಟೆಯ ಟೈಲರ್ ಅಂಗಡಿಗೆ ಹೋಗುತ್ತಿದ್ದೆ. ಮನೆ ತಂಗಿಯ ಕೈಯಲ್ಲಿ. ಅವಳು ಇಟ್ಟ ಸಾಮಾನು ಜಾಗ ತಪ್ಪುವಂತಿರಲಿಲ್ಲ. ನಾನು ಸೌಟನ್ನು ಬೇರೆ ಮೊಳೆಗೆ ತೂಗಿಸಿದರೆ ಅವತ್ತಿಡೀ ಮುಖ ಊದಿಸಿಕೊಂಡಿರುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಮಂಗಳೋತ್ಸವಕ್ಕೆ ಇನ್ನೆರಡು ತಿಂಗಳಿರುವಾಗ ಒಂದು ದಿನ ಅವಳು ಪಾತ್ರೆ ತೊಳೆಯುತ್ತಾ, "ಅಕ್ಕ, ಈ ಸಲ ನಾನೂ ಬಡ್ಸ್ತೆ" ಎಂದಳು.

ಮಾರನೇ ದಿನದಿಂದಲೇ ಶುರು. ಹಿತ್ತಿಲ ಬಾಳೆ ಎಲೆ ಕೊಯ್ದು ಜಗಲಿಯಲ್ಲಿ ಸಾಲಾಗಿ ಹಾಸಿದೆ. ಸ್ಟೀಲ್ ಬಟ್ಟಲಿಗೆ ಕಡಲ ಮರಳು, ನಮ್ಮ ಮಾತಿನ ಹೊಯ್ಗೆ, ತುಂಬಿ, ಇದೇ ಉಪ್ಪು ಎಂದೆ. ಎಲೆಯ ತುದಿ ಉಣ್ಣುವವರ ಎಡಕ್ಕಿರಬೇಕು. ಎದುರು ನಿಂತು ಬಡಿಸುವವಳಿಗೆ ಅದು ಬಲಕ್ಕೆ. ಎಡ ಬಲ ಅವಳ ತಲೆಗೆ ಹೋಗಲಿಲ್ಲ. ಅವಳ ಬಲಗೈಗೆ ಒಂದು ಕೆಂಪು ಬಳೆ ಹಾಕಿ, "ತುದಿ ಬಳೆ ಬದಿಗೆ, ಉಪ್ಪು ತುದಿ ಬದಿಗೆ" ಎಂದು ಹೇಳಿಕೊಟ್ಟೆ. ನಾನು ಕಿರುಚಿದೆ, ಅವಳು ಅತ್ತಳು, ಆಮೇಲೆ ಅವಳು ಕಿರುಚಿದಳು, ನಾನು ಅತ್ತೆ. ಬೇಲಿಯಾಚೆಯಿಂದ ನೆರೆಮನೆಯಾಕೆ, "ಹೊಯ್ಗೆ ಊಟ ಆಯ್ತಾ ಹೆಣೆ?" ಎಂದು ನಗಾಡಿದಳು. "ನೀವೂ ಬನಿ ಉಂಬುಕೆ" ಎಂದೆ. ಎರಡು ತಿಂಗಳಲ್ಲಿ ತಂಗಿಯ ಕೈ ಕೂತಿತು. ಒಂದು ಕಾಳು ಹೊಯ್ಗೆ ಆಚೀಚೆ ಬೀಳುತ್ತಿರಲಿಲ್ಲ.

ಮಂದಿರದಲ್ಲಿ ಬಡಿಸುವ ಉಸ್ತುವಾರಿ ಒಬ್ಬ ಹಿರಿಯರದು. ವರ್ಷಗಟ್ಟಲೆ ದೋಣಿ ನಡೆಸಿದ ಗಂಟಲು, ಇಡೀ ಕೇರಿಗೆ ಅಣ್ಣಯ್ಯ. ಅವರ ಮುಂದೆ ಹೋಗಿ ನಿಂತೆ.

"ಅವ್ಳಿಗೆ ಎಂತಕೆ ಮಾರಾಯ್ತಿ ಈ ಕಷ್ಟ? ಪಾಪ, ಒಳ್ಗ್ ಕೂಕಂಡ್ ಉಣ್ಲಿ."

"ಪಾಪ ಅಂಬುದ್ ಬ್ಯಾಡ ಅಣ್ಣಯ್ಯ. ಒಂದ್ ಪಂಕ್ತಿ ಕೊಡಿ."

ಅವರು ಬೈರಾಸಿನಿಂದ ಕುತ್ತಿಗೆ ಒರೆಸಿಕೊಂಡರು. "ಉಪ್ಪ್ ಮಾತ್ರ. ಒಂದೇ ಪಂಕ್ತಿ. ಗಲಾಟಿ ಆರೆ ಮತ್ತೆ ಯಾವತ್ತೂ ಕೇಂಬುಕಿಲ್ಲೆ."

ಮಂಗಳೋತ್ಸವದ ಮಧ್ಯಾಹ್ನ ಮೊದಲ ಪಂಕ್ತಿಗೆ ಊರ ಹಿರಿಯರು, ಬೇರೆ ಊರಿನ ಭಜನೆಯವರು ಕೂತರು. ತಂಗಿ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಉಪ್ಪಿನ ಬಟ್ಟಲು ಹಿಡಿದಳು. ನಾನು ಕಂಬದ ಬಳಿ ನಿಂತೆ. ಮೊದಲ ಎಲೆ, ಎರಡನೇ ಎಲೆ, ಹತ್ತನೇ ಎಲೆ. ಎಲ್ಲ ಸರಿಯಾಯಿತು. ಹನ್ನೊಂದನೆಯ ಎಲೆಯ ಮುಂದೆ ಅವಳು ನಿಂತುಬಿಟ್ಟಳು.

ಉಪ್ಪು ಬೀಳದೆ ಬೇರೆ ಯಾವುದೂ ಎಲೆಗೆ ಬೀಳುವ ಕ್ರಮವಿಲ್ಲ. ಅವಳ ಹಿಂದೆ ಉಪ್ಪಿನಕಾಯಿ ನಿಂತಿತು, ಅದರ ಹಿಂದೆ ಕೋಸಂಬರಿ, ಪಲ್ಯ. ಅನ್ನದ ಬುಟ್ಟಿ ಹಿಡಿದವರು ಹಿಂದಿನಿಂದ "ಹ್ವಾಯ್, ಎಂತ ಆಯ್ತ್?" ಎಂದು ಕೂಗಿದರು. ಅಣ್ಣಯ್ಯನ ಹುಬ್ಬು ಗಂಟಾಯಿತು. ತಂಗಿ ಬಳೆಯ ಕೈಯನ್ನು ಎಲೆಯ ಮೇಲೆ ಹಿಡಿದು ಸುಮ್ಮನೆ ನೋಡುತ್ತಿದ್ದಳು.

ನಾನು ಓಡಿದೆ. ಮುಗಿಯಿತು, ಹೆದರಿಬಿಟ್ಟಳು ಎಂದುಕೊಂಡೆ. ಅವಳ ಕೈಯಿಂದ ಬಟ್ಟಲು ಕಿತ್ತುಕೊಳ್ಳಲು ಹೋದೆ. ಊರಿನವರ ಮೇಲೆ ಅಷ್ಟು ವರ್ಷ ಉರಿದ ನಾನೇ ಅವಳನ್ನು ನಂಬಲಿಲ್ಲ. ಆ ನಾಚಿಕೆ ನನಗೆ ಈಗಲೂ ಇದೆ.

ಅವಳು ಬಟ್ಟಲು ಬಿಡಲಿಲ್ಲ. "ಎಲೆ ಸಮ ಇಲ್ಲೆ" ಎಂದಳು, ಇಡೀ ಚಪ್ಪರಕ್ಕೆ ಕೇಳುವಂತೆ.

ಆಗ ಕೆಳಗೆ ನೋಡಿದೆ. ಅಲ್ಲಿಂದ ಮುಂದಿನ ಎಲೆಗಳ ತುದಿಯೆಲ್ಲ ಉಣ್ಣುವವರ ಬಲಕ್ಕೆ! ಗಡಿಬಿಡಿಯಲ್ಲಿ ಯಾರೋ ಆ ಅರ್ಧ ಸಾಲನ್ನು ಕೂರುವವರ ಹಿಂದಿನಿಂದ ಹಾಸಿಕೊಂಡು ಹೋಗಿದ್ದರು. ಎದುರಿನಿಂದ ಹಾಸಿ ರೂಢಿಯಾದ ಕೈ, ತುದಿಯನ್ನು ತನ್ನ ಬಲಕ್ಕೇ ಇಟ್ಟಿತ್ತು. ಶುಭದ ಊಟಕ್ಕೆ ಹಾಗೆ ಹಾಸಿದರೆ ನಮ್ಮ ಹಿರಿಯರ ಮುಖ ಕಪ್ಪಿಡುತ್ತದೆ. ಕೂತವರಲ್ಲಿ ಕೆಲವರು ಗಮನಿಸಿರಲಿಲ್ಲ, ಕೆಲವರು ಗಮನಿಸಿ ಸಂಕೋಚಕ್ಕೆ ಸುಮ್ಮನಿದ್ದರು.

ಅಣ್ಣಯ್ಯ ಬಗ್ಗಿ ನೋಡಿದರು. ಸಾಲಿನ ಕೊನೆಯವರೆಗೂ ನೋಡಿದರು. ಆಮೇಲೆ ಅವರ ದೋಣಿ ಗಂಟಲು ಎದ್ದಿತು: "ಎಲೆ ಹಾಸ್ದವ್ರ್ ಯಾರ್ ಮಾರಾಯ್ರೆ? ತಿರ್ಗ್ಸಿ ಎಲ್ಲ! ಹೆಣ್ ಹೇಳಿದ್ದ್ ಸಮ ಇತ್ತ್!" ನಾಲ್ಕಾರು ಜನ ಬಂದು ಎಲೆ ತಿರುಗಿಸಿದರು. ತಂಗಿ ಒಂದೊಂದು ಎಲೆಯ ಮೇಲೂ ಬಳೆ ಹಿಡಿದು ನೋಡಿ, ಒಪ್ಪಿಗೆಯಾದ ಮೇಲೆಯೇ ಉಪ್ಪು ಹಾಕಿದಳು. ಅನ್ನ ಕಾದಿತು, ಸಾರು ಕಾದಿತು, ಊರೇ ಕಾದಿತು. ನನಗೆ ಕೇಕೆ ಹಾಕಬೇಕು ಅನ್ನಿಸಿತು.

ಒಂದೇ ಪಂಕ್ತಿ ಎಂದವರು ಎರಡನೆಯ ಪಂಕ್ತಿಗೆ ತಾವೇ ಬಟ್ಟಲು ತುಂಬಿಸಿಕೊಟ್ಟರು. ನಾಲ್ಕೂ ಪಂಕ್ತಿಗೆ ಅವಳದೇ ಉಪ್ಪು. ನಡುವೆ ಚಿಕ್ಕಮ್ಮ ಹಳೆಯ ಅಭ್ಯಾಸದಂತೆ ಬಂದು, "ಬಾ ಮಗಾ, ಹಸುವಾಯ್ತಲ್ದಾ, ಒಳ್ಗ್ ಉಣ್ಣು" ಎಂದು ಕೈ ಹಿಡಿದರು. ತಂಗಿ ಕೈ ಬಿಡಿಸಿಕೊಂಡಳು. "ಬಡ್ಸುವರ್ ಕಡಿಗ್ ಉಂಬುದ್."

ಅದು ಹೌದು. ಬಡಿಸಿದವರು ಎಲ್ಲರದೂ ಆದ ಮೇಲೆ ಒಟ್ಟಿಗೆ ಕೂತು ಉಣ್ಣುತ್ತಾರೆ. ಆ ಕೊನೆಯ ಪಂಕ್ತಿಯಲ್ಲಿ ಅಣ್ಣಯ್ಯನ ಪಕ್ಕ ಅವಳು ಕೂತಳು. ಬೆವರಿದ ಮುಖ, ಉಪ್ಪಂಟಿದ ಬೆರಳು. ನಾನು ಯಾವಾಗಿನಂತೆ ಅವಳಿಗೆ ಅನ್ನ ಕಲಸಿಕೊಡೋಣವೆಂದು ಪಕ್ಕದ ಎಲೆಯ ಮುಂದೆ ಕೂತೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಕ್ಕ, ನೀ ಬಡ್ಸಿದ್ಯಾ?"

"ಇಲ್ಲೆ."

"ಹಾಂಗಾರೆ ಏಳ್."

ಪಂಕ್ತಿಯಿಂದ ಎಬ್ಬಿಸುವುದೆಂದರೆ ನಮ್ಮಲ್ಲಿ ಸಣ್ಣ ಅವಮಾನವಲ್ಲ. ಸಾಲಿಡೀ ಗೊಳ್ಳೆಂದು ನಕ್ಕಿತು. ನಾನು ಎದ್ದೆ. ಅಷ್ಟು ಖುಷಿಯಿಂದ ನಾನು ಯಾವ ಊಟಕ್ಕೂ ಕೂತಿರಲಿಲ್ಲ.