ಒಂಟಿಗೈ ಮೇಸ್ತ್ರಿ ಲ್ಯಾಪ್‌ಟಾಪ್ ಬಿಚ್ಚಿದ್ದು

ಕರೆಂಟಿನ ಮೇಸ್ತ್ರಿಗೆ ಎಡಗೈ ಇದೆಯೋ ಇಲ್ಲವೋ ಎಂಬ ವಿಷಯದಲ್ಲಿ ಆ ಬಡಾವಣೆ ಎರಡು ಪಂಗಡವಾಗಿತ್ತು. ಇದೆ ಎನ್ನುವವರು ಅವನ ಮದುವೆಯ ಫೋಟೊವನ್ನು ಸಾಕ್ಷಿಗೆ ಕರೆಯುತ್ತಿದ್ದರು. ಅದರಲ್ಲಿ ಎರಡೂ ಕೈ ನಿಚ್ಚಳವಾಗಿ ಕಾಣುತ್ತವೆ. ಇಲ್ಲ ಎನ್ನುವವರು, ಫೋಟೊ ನಂಬುವ ಕಾಲ ಎಂದೋ ಮುಗಿಯಿತು ಎಂದು ವಾದಿಸುತ್ತಿದ್ದರು. ಏಕೆಂದರೆ ಮೇಸ್ತ್ರಿಯ ಎಡಗೈ ಸದಾ ಪ್ಯಾಂಟಿನ ಜೇಬಿನಲ್ಲಿ. ಬಲಗೈಯಲ್ಲೇ ಏಣಿ ಹತ್ತುತ್ತಿದ್ದ, ಬಲಗೈಯಲ್ಲೇ ತಂತಿ ಸುಲಿಯುತ್ತಿದ್ದ. ತಂತಿಯ ಇನ್ನೊಂದು ತುದಿಯನ್ನು ಹಲ್ಲು ನೋಡಿಕೊಳ್ಳುತ್ತಿತ್ತು. ಒಮ್ಮೆ ಏಣಿ ಜಾರಿದಾಗ ಕಿಟಕಿಯ ಸರಳನ್ನು ಒಂದೇ ಕೈಯಲ್ಲಿ ಹಿಡಿದು ಬಾವಲಿಯ ಹಾಗೆ ನೇತಾಡಿದನಂತೆ. ಕೆಳಗೆ ಸೇರಿದ ಜನ "ಇನ್ನೊಂದು ಕೈ! ಇನ್ನೊಂದು ಕೈ!" ಎಂದು ಬೊಬ್ಬೆ ಹೊಡೆದರೂ ಅದು ಜೇಬು ಬಿಟ್ಟು ಕದಲಲಿಲ್ಲವಂತೆ. ಆ ಜೇಬಿನಲ್ಲಿ ಅವನು ಒಂದಿಷ್ಟು ಮಿಂಚು ಬಚ್ಚಿಟ್ಟುಕೊಂಡಿದ್ದಾನೆ ಎಂಬುದು ಬೀದಿಯ ಮಕ್ಕಳ ನಂಬಿಕೆ. ಹೀಗೆ ಅವನಿಗೆ ಒಂಟಿಗೈ ಮೇಸ್ತ್ರಿ ಎಂಬ ಬಿರುದು ಬಂತು.

ಇದರ ಹಿಂದೆ ಇದ್ದದ್ದು ಶೌರ್ಯವಲ್ಲ, ಅಪ್ಪಟ ಭಯ. ಕೆಲಸ ಕಲಿಸಿದ ಗುರು ಮೊದಲ ದಿನವೇ ಹೇಳಿದ್ದ: "ಒಂದು ಕೈ ಕೆಲಸಕ್ಕೆ, ಇನ್ನೊಂದು ಕೈ ಹೆಂಡತಿ ಮಕ್ಕಳಿಗೆ. ಎರಡೂ ತಂತಿಗೆ ಕೊಟ್ಯೋ, ಕರೆಂಟು ಈ ಕೈಯಿಂದ ಆ ಕೈಗೆ ಎದೆ ಮೇಲೇ ರಸ್ತೆ ಮಾಡ್ಕೊಂಡು ಹೋಗುತ್ತೆ." ಶಿಷ್ಯನಿಗೆ ಆಗ ಹೆಂಡತಿಯೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಆದರೂ ಅವರಿಗಾಗಿ ಎಡಗೈಯನ್ನು ಮುಂಗಡವಾಗಿ ಜೇಬಿಗಿಳಿಸಿದ. ಆಮೇಲೆ ಅದು ಅಲ್ಲೇ ಒಕ್ಕಲಾಯಿತು.

ಹೆಂಡತಿ ಬಂದಳು. ಕಣ್ಣು ಕಾಣದ ಮಕ್ಕಳ ಶಾಲೆಗೆ ಪಾಠದ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕೊಡುವುದು ಅವಳ ಕೆಲಸ. ಬೀದಿಯ ಗದ್ದಲ ಕೇಳಿಸಬಾರದೆಂದು ಬಟ್ಟೆಯ ಬೀರುವಿನೊಳಗೆ, ನೇತುಹಾಕಿದ ಕೋಟುಗಳ ನಡುವೆ ಕುಳಿತು ಓದುತ್ತಿದ್ದಳು. ಸಕ್ಕರೆ ಕೇಳಲು ಬಂದ ಪಕ್ಕದ ಮನೆಯಾಕೆ, ಬೀರು ತಾನಾಗಿಯೇ "ಕಪ್ಪೆಯ ಹೃದಯದಲ್ಲಿ ಮೂರು ಕೋಣೆಗಳಿವೆ" ಎಂದದ್ದನ್ನು ಕೇಳಿ ಬಟ್ಟಲು ಅಲ್ಲೇ ಬಿಟ್ಟು ಓಡಿದ್ದುಂಟು.

ಈ ಸಲದ ವಿಜ್ಞಾನದ ಪುಸ್ತಕ ದೊಡ್ಡದು. ಕೊನೆಯ ಪಾಠ ಮುಗಿಯುವ ಹೊತ್ತಿಗೆ ಅವಳ ಗಂಟಲು ಹರಿದ ಕೊಳವೆಯಂತಾಗಿತ್ತು. ವೈದ್ಯರು ಒಳಗೆ ಬೆಳಕು ಬಿಟ್ಟು ನೋಡಿ, ಧ್ವನಿಯ ತಂತುಗಳ ಮೇಲೆ ಗಂಟುಗಳಾಗಿವೆ, ಇನ್ನು ಓದುವಂತಿಲ್ಲ, ಹಟ ಮಾಡಿದರೆ ಇರುವ ಧ್ವನಿಯೂ ಹೋಗುತ್ತದೆ ಎಂದಿದ್ದರು. ಪರೀಕ್ಷೆ ಹತ್ತಿರದಲ್ಲಿತ್ತು. ಮಕ್ಕಳು ಆ ಧ್ವನಿಗೆ ಕಾಯುತ್ತಿದ್ದರು. ಅದು ಇದ್ದದ್ದು ಒಂದೇ ಕಡೆ, ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿ. "ಪೂರ್ತಿ ಆಗ್ಲಿ, ಒಟ್ಟಿಗೆ ಕಾಪಿ ಮಾಡಿದ್ರಾಯ್ತು" ಎನ್ನುತ್ತಲೇ ಪುಸ್ತಕ ಮುಗಿಸಿದ್ದಳು. ಈಗ ಪಾಠಗಳನ್ನೆಲ್ಲ ಒಂದಾಗಿ ಜೋಡಿಸಲು ಹೋದರೆ ಯಂತ್ರ ಅರ್ಧದಲ್ಲೇ ಸ್ತಬ್ಧವಾಗುತ್ತಿತ್ತು.

ಅವಳ ತಮ್ಮನದು ಲ್ಯಾಪ್‌ಟಾಪ್ ರಿಪೇರಿಯ ಅಂಗಡಿ. "ರ‍್ಯಾಮ್ ಸಾಲ್ತಿಲ್ಲ ಅಕ್ಕ. ಒಳಗೆ ಒಂದು ಜಾಗ ಖಾಲಿ ಇದೆ, ಇನ್ನೊಂದು ಹಾಕಿದ್ರೆ ಕುದುರೆ ಹಾಗೆ ಓಡುತ್ತೆ" ಎಂದು ಬೆರಳುದ್ದದ ಹಸಿರು ಪಟ್ಟಿಯೊಂದನ್ನು ತಂದುಕೊಟ್ಟ. "ನಾಳೆ ಅಂಗಡಿಗೆ ತಗೊಂಡು ಬಾ, ನಾನೇ ಹಾಕ್ತೀನಿ. ಭಾವನ ಕೈಗೆ ಕೊಡ್ಬೇಡ. ಅವರು ಇದಕ್ಕೂ ಏಣಿ ತರ್ತಾರೆ."

ಭಾವನಿಗೆ ಈ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಕಾರ್ಖಾನೆಗಳಿಗೆ ವೈರಿಂಗ್ ಮಾಡಿದ ಕೈಗೆ ಈ ಬಿಸ್ಕತ್ತು ಕೂರಿಸುವುದು ಯಾವ ಲೆಕ್ಕ?

ಮರುದಿನ ಹೆಂಡತಿ ಔಷಧಿ ತರಲು ಹೋದಳು. ಹಾಲಿನಂಥ ಬೆಳಕಿನ ಆ ಮಧ್ಯಾಹ್ನ ಮೇಸ್ತ್ರಿ ಊಟದ ಮೇಜಿನ ಮೇಲೆ ಟವೆಲು ಹಾಸಿ ಲ್ಯಾಪ್‌ಟಾಪನ್ನು ಬೋರಲು ಮಲಗಿಸಿದ. ಚಾರ್ಜರ್ ಕಿತ್ತ. ಸ್ಕ್ರೂಗಳನ್ನು ತಟ್ಟೆಯಲ್ಲಿ ಅವು ಇದ್ದ ಆಕಾರದಲ್ಲೇ ಜೋಡಿಸಿದ. ಹಿಂಬದಿಯ ಮುಚ್ಚಳ ಎತ್ತಿದ. ಎಲ್ಲವೂ ಬಲಗೈಯಲ್ಲಿ. ಕೊನೆಗೆ ಕಸುಬಿನ ಶಾಸ್ತ್ರದಂತೆ ಅಂಗಿಯ ಜೇಬಿನಿಂದ ಟೆಸ್ಟರ್ ತೆಗೆದು ಒಳಗೆ ಅಲ್ಲಲ್ಲಿ ಮುಟ್ಟಿಸಿದ. ಅದರ ಹಿಡಿಯೊಳಗಿನ ದೀಪ ಹತ್ತಲಿಲ್ಲ. ದೀಪ ಹತ್ತದಿದ್ದರೆ ಕರೆಂಟಿಲ್ಲ. ಇಷ್ಟು ವರ್ಷ ಅವನ ಜೀವ ಕಾದದ್ದು ಈ ಒಂದು ವಾಕ್ಯ. ಪಟ್ಟಿಯನ್ನು ಓರೆಯಾಗಿ ಖಾಲಿ ಜಾಗಕ್ಕೆ ತೂರಿಸಿ ಒಂದು ಬದಿಯಿಂದ ಒತ್ತಿದ. ಟಕ್ ಎಂದಿತು. ಮುಚ್ಚಳ ಮುಚ್ಚಿ, ಯಂತ್ರವನ್ನು ನೇರ ತಿರುಗಿಸಿ ಪರದೆ ಎತ್ತಿ, ಮೀಸೆಯನ್ನೂ ಬಲಗೈಯಲ್ಲೇ ತೀಡಿ, ಗುಂಡಿ ಒತ್ತಿದ.

ಪರದೆ ಕಪ್ಪು. ಅಂಚಿನ ಪುಟ್ಟ ದೀಪವೊಂದು ಕಣ್ಣು ಮಿಟುಕಿಸಿತು, ನಿಂತಿತು, ಮತ್ತೆ ಮಿಟುಕಿಸಿತು. ಒಳಗಿನ ಫ್ಯಾನು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

ಮೇಸ್ತ್ರಿ ಮತ್ತೆ ಒತ್ತಿದ. ಕಪ್ಪು. ಮಾನ ಮೂರು ಕಾಸಾದರೂ ಆಗಲಿ ಎಂದು ಭಾವಮೈದುನನಿಗೆ ಫೋನು ಮಾಡಿದ.

"ಬಿಚ್ಚಿಬಿಟ್ರಾ ಭಾವ?" ಆ ಕಡೆ ನಗು ಕುಲುಕಿತು. "ಏಣಿ ಎಲ್ಲಿಟ್ರಿ?"

"ಹುಡುಗಾಟ ಬೇಡ ಕಣೋ. ಪರದೆ ಬರ್ತಿಲ್ಲ."

"ಬ್ಯಾಟರಿ ಪ್ಲಗ್ ತೆಗೆದು ತಾನೇ ಹಾಕಿದ್ದು?"

ಮೇಸ್ತ್ರಿ ಕಿತ್ತಿಟ್ಟ ಚಾರ್ಜರಿನ ಕಡೆ ನೋಡಿದ.

"ಭಾವ? ಒಳಗೆ ಬ್ಯಾಟರಿ ಇರುತ್ತಲ್ಲ, ಅದು."

"ಟೆಸ್ಟರ್ ಹಚ್ಚಿ ನೋಡ್ದೆ. ಕರೆಂಟಿರ್ಲಿಲ್ಲ."

ಆ ಕಡೆ ನಗು ನಿಂತಿತು. ಮೇಸ್ತ್ರಿಗೆ ಹೆದರಿಕೆಯಾದದ್ದು ಆಗಲೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. "ಅಯ್ಯೋ ಭಾವ... ಗೋಡೆ ಕರೆಂಟು ಹಿಡಿಯೋ ಟೆಸ್ಟರ್‌ಗೆ ಬ್ಯಾಟರಿ ಕರೆಂಟು ಎಲ್ಲಿ ಕಾಣುತ್ತೆ? ಅದು ಜೀವಂತ ಇತ್ತು. ಕಬ್ಬಿಣ ಮುಟ್ಟಿ ಮೈಯ ಕರೆಂಟನ್ನಾದ್ರೂ ಇಳಿಸ್ಕೊಂಡ್ರಾ?"

"ಮೈಯ ಕರೆಂಟಾ?"

"ನಮ್ಮ ಮೈಯಲ್ಲೂ ಚೂರು ಇರುತ್ತೆ. ನಮಗೆ ಗೊತ್ತೂ ಆಗಲ್ಲ, ಅದಕ್ಕೆ ಅಷ್ಟೇ ಸಾಕು ಸಾಯೋಕೆ. ಏನೂ ಮುಟ್ಬೇಡಿ. ಗಿರಾಕಿ ಕಳಿಸಿ ಬಂದೆ." ಫೋನು ಕಟ್ಟಾಯಿತು.

ಮೇಸ್ತ್ರಿ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿದ. ಜೀವನವಿಡೀ ಕರೆಂಟು ತನ್ನನ್ನು ಕೊಂದೀತೆಂದು ಹೆದರಿದವನು. ಈಗ ನೋಡಿದರೆ ತಾನೇ ಕರೆಂಟು, ಮೇಜಿನ ಮೇಲೆ ಸತ್ತು ಬಿದ್ದದ್ದು ಹೆಂಡತಿಯ ಧ್ವನಿ.

ಬಾಗಿಲ ಬಳಿ ಚಪ್ಪಲಿಯ ಸದ್ದಾಯಿತು. ಹೆಂಡತಿ ಔಷಧಿಯ ಚೀಲ ಹಿಡಿದು ನಿಂತಿದ್ದಳು. ಟವೆಲು ನೋಡಿದಳು, ತಟ್ಟೆಯ ಪಕ್ಕದ ಸ್ಕ್ರೂಡ್ರೈವರ್ ನೋಡಿದಳು, ಗಂಡನ ಮುಖ ನೋಡಿದಳು.

"ರೀ, ನನ್ನ ಪುಸ್ತಕ?" ಹರಿದ ಗಂಟಲಿನಲ್ಲಿ ಕೇಳಿದಳು.

"ಇದೆ ಕಣೇ. ಪಾಠ ಇರೋದು ಬೇರೆ ಕಡೆ, ನಾನು ಮುಟ್ಟಿದ್ದು ಬೇರೆ ಕಡೆ."

"ನೀವು ಮುಟ್ಟಿದ್ದು ಎಲ್ಲಿಗೆ ಮುಟ್ಟಿದೆ ಅಂತ ನಿಮಗೆ ಗೊತ್ತಾ?"

ಮೇಸ್ತ್ರಿ ಬಲಗೈ ಚಾಚಿ ಔಷಧಿಯ ಚೀಲ ಇಸಿದುಕೊಂಡ.

"ಮಾತಾಡ್ಬೇಡ, ಡಾಕ್ಟ್ರು ಬೇಡ ಅಂದಿದ್ದಾರೆ."

"ಓದ್ಬೇಡಿ ಅಂದಿದ್ದಾರೆ. ಗಂಡನಿಗೆ ಬೈಬೇಡಿ ಅಂದಿಲ್ಲ." ಆದರೆ ಬೈಯಲಿಲ್ಲ. ಕುರ್ಚಿ ಎಳೆದು ಕುಳಿತು, ತುಟಿ ಅಲ್ಲಾಡಿಸತೊಡಗಿದಳು. ಮೇಸ್ತ್ರಿ ಕಿವಿಗೊಟ್ಟ. ಮೊದಲ ಪಾಠದ ಮೊದಲ ಸಾಲು. ಮತ್ತೆ ಓದಲು ಆದೀತೇ ಎಂದು ಅಳೆದು ನೋಡುತ್ತಿದ್ದಳು. ಎರಡನೆಯ ಸಾಲಿಗೆ ಧ್ವನಿ ಬರೀ ಗಾಳಿಯಾಯಿತು. ಗಂಟಲು ಹಿಡಿದುಕೊಂಡಳು.

ಮೇಸ್ತ್ರಿ ಎದ್ದು ಹೋಗಿ ಕಿಟಕಿಯ ಕಬ್ಬಿಣದ ಸರಳನ್ನು ಗಟ್ಟಿಯಾಗಿ ಹಿಡಿದು ನಿಂತ, ಮೈಯಲ್ಲಿರುವುದೆಲ್ಲ ಹರಿದುಹೋಗಲಿ ಎಂದು. ಮತ್ತೆ ಬಂದು ಯಂತ್ರವನ್ನು ಬೋರಲು ಹಾಕಿ ಮುಚ್ಚಳ ತೆಗೆದ. ಬ್ಯಾಟರಿಯ ತಂತಿಗಳು ಬಂದು ಸೇರುವ ಪುಟ್ಟ ಬಿಳಿ ಪ್ಲಗ್ ಕಂಡಿತು, ಅಕ್ಕಿಕಾಳಿನಂಥದ್ದು. ಎರಡು ಬದಿಗಳಿಂದ ಉಗುರು ಕೊಟ್ಟು ಹಿಂದಕ್ಕೆ ಎಳೆಯಬೇಕು. ಒಂದು ಕೈಗೆ ಅದು ಬಗ್ಗಲಿಲ್ಲ. ಎರಡನೆಯ ಸಲ ಎಳೆದಾಗ ತಂತಿಯೇ ಕಿತ್ತು ಬರುವಂತಾಯಿತು.

ಈಗ ಹೇಳುವುದನ್ನು ಬಡಾವಣೆಯ ಎರಡೂ ಪಂಗಡದವರು ಕುಳಿತು ಕೇಳಬೇಕು. ಮೇಸ್ತ್ರಿಯ ಎಡ ಮೊಣಕೈ ಅಲುಗಿತು. ಜೇಬು ಉಬ್ಬಿತು. ಮಣಿಕಟ್ಟು ಕಂಡಿತು. ಆಮೇಲೆ ಬಿಸಿಲು ಕಾಣದೆ ಬಿಳುಪಾದ ಒಂದು ಇಡೀ ಕೈ ಹೊರಗೆ ಬಂದು, ಗಾಳಿಯಲ್ಲಿ ನಿಂತಿತು.

"ಅಯ್ಯೋ! ಎರಡೂ ಕೈ ಹಾಕ್ಬೇಡ್ರೀ!" ಹೆಂಡತಿ ಎದ್ದೇಬಿಟ್ಟಳು. ಲ್ಯಾಪ್‌ಟಾಪಿನ ಭಯ ಒಂದು ಕ್ಷಣ ಹಿಂದೆ ಸರಿದು ಗಂಡನ ಭಯ ಮುಂದೆ ಬಂದಿತ್ತು. "ಬಿಡಿ, ಹೋದ್ರೆ ಹೋಗ್ಲಿ!"

ಇಷ್ಟು ಸಣ್ಣ ಬ್ಯಾಟರಿ ಮನುಷ್ಯನನ್ನು ಕೊಲ್ಲದೆಂದು ಅವನ ಬುದ್ಧಿಗೆ ಗೊತ್ತಿತ್ತು. ಎದೆಗೆ ಗೊತ್ತಿರಲಿಲ್ಲ. ಅದು ಗುರುವಿನ ಮಾತು ನಂಬಿಕೊಂಡು ಗುದ್ದುತ್ತಿತ್ತು. ಉಸಿರು ಬಿಗಿಹಿಡಿದು ಎರಡೂ ಉಗುರು ಕೊಟ್ಟ. ಪ್ಲಗ್ ಕಳಚಿತು. ಯಾರೂ ಸಾಯಲಿಲ್ಲ. ಪಟ್ಟಿಯನ್ನು ನೋಡಿದ: ತಾನು ಒತ್ತಿದ ಬದಿಯ ಕೊಂಡಿ ಮಾತ್ರ ಬಿಗಿದಿತ್ತು. ಇನ್ನೊಂದು ಬದಿಯಲ್ಲಿ ಚಿನ್ನದ ಬಣ್ಣದ ಹಲ್ಲುಗಳು ಕೂದಲೆಳೆಯಷ್ಟು ಹೊರಗೇ ಇಣುಕುತ್ತಿದ್ದವು. ಬಿಡಿಸಿ, ನೇರ ಮಾಡಿ, ಎರಡು ಹೆಬ್ಬೆರಳುಗಳಿಂದ ಸಮನಾಗಿ ಒತ್ತಿದ. ಟಕ್. ಟಕ್. ಬ್ಯಾಟರಿ ಸಿಕ್ಕಿಸಿದ. ಮುಚ್ಚಳ ಹಾಕಿ, ನೇರ ತಿರುಗಿಸಿ ಗುಂಡಿ ಒತ್ತಿದ.

ಕಪ್ಪು. ಫ್ಯಾನು ತಿರುಗಿತು. ಕಪ್ಪು. ಹೆಂಡತಿ ಅವನ ಎಡಗೈ ಹಿಡಿದುಕೊಂಡಳು. ಮದುವೆಯಾದ ಮೇಲೆ ಅದು ಅವಳ ಕೈಗೆ ಸಿಕ್ಕಿದ್ದೇ ಅಪರೂಪ. ಇಬ್ಬರ ಅಂಗೈಯೂ ಬೆವರಿತ್ತು. ಇನ್ನೂ ಕಪ್ಪು. ಅವನು ಕಣ್ಣು ಮುಚ್ಚಿದ.

"ಬಂತು," ಎಂದಳು.

ಪರದೆ ಬೆಳಗಿತ್ತು. ಅವಳು ಸಿಕ್ಕ ಪಾಠವನ್ನು ಒತ್ತಿದಳು. "ಎಲೆಗಳು ಬೆಳಕಿನಲ್ಲಿ ಆಹಾರ ತಯಾರಿಸುತ್ತವೆ," ಎಂದು ಅವಳ ಹಿಂದಿನ ಧ್ವನಿ, ತುಂಬಿದ ಕೊಡದಂಥ ಧ್ವನಿ, ಮನೆ ತುಂಬ ಕೇಳಿಸಿತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಭಾವಮೈದುನ ಏದುಸಿರು ಬಿಡುತ್ತ ಒಳಗೆ ನುಗ್ಗಿದ. ಬೆಳಗುತ್ತಿದ್ದ ಪರದೆ ಕಂಡು ಬಾಗಿಲಲ್ಲೇ ಕಂಬವಾದ.

"ನಗೋದು ಆಮೇಲೆ, ಮೊದಲು ಕಾಪಿ ಮಾಡೋ," ಎಂದಳು ಅಕ್ಕ.

ಅವನಿಗೆ ನಗು ಬಂದಿರಲೇ ಇಲ್ಲ. ಬೋರ್ಡೇ ಸುಟ್ಟಿರುತ್ತೆ ಅಂತ ದಾರಿಯುದ್ದಕ್ಕೂ ಅಕ್ಕನಿಗೆ ಹೇಳುವ ಮಾತು ಹುಡುಕಿಕೊಂಡು ಬಂದಿದ್ದ. ಲ್ಯಾಪ್‌ಟಾಪನ್ನೊಮ್ಮೆ, ಟವೆಲಿನ ಮೇಲಿದ್ದ ಎರಡು ಕೈಗಳನ್ನೊಮ್ಮೆ ನೋಡಿದ. "ಸತ್ತೇಹೋಗಿದ್ದನ್ನ ಎಬ್ಬಿಸಿದ್ದೀರಲ್ಲ! ಅದೇನು ವಿದ್ಯೆ ಮಾಡಿದ್ರಿ ಭಾವ?"

ಮೇಸ್ತ್ರಿ ಹಣೆಯ ಬೆವರು ಒರೆಸಿಕೊಂಡ.

"ಸರಿಯಾಗಿ ಕೂತಿರ್ಲಿಲ್ಲ. ಒತ್ತಿದೆ."